ಶಾಲು ಯಾರಿಗೆ ಹೊದೆಸಬೇಕು: ನಮ್ಮ ಏಜೆಂಟರ ಸಂಘದಲ್ಲಿ ನನ್ನ ಅನುಭವ

ನಾನು ವಿಮಾ ಏಜೆಂಟ್ ಆಗಿ ಇಪ್ಪತ್ತೆರಡು ವರ್ಷ ಆಯಿತು. ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಕುಂಬಳೆ, ನೀರ್ಚಾಲು, ಪೆರ್ಲ, ಮುಳ್ಳೇರಿಯ, ಹೀಗೆ ಬಸ್ಸು ಹೋಗುವಲ್ಲೆಲ್ಲ ನನ್ನ ಪಾಲಿಸಿದಾರರು ಇದ್ದಾರೆ. ಬಸ್ಸು ಹೋಗದ ಕಡೆಯೂ ಕೆಲವರಿದ್ದಾರೆ. ನಮ್ಮ ಊರಿನ ಏಜೆಂಟರ ಸಂಘದಲ್ಲಿ ಆರು ವರ್ಷದಿಂದ ಕಾರ್ಯಕ್ರಮ ಮತ್ತು ಸನ್ಮಾನದ ಜವಾಬ್ದಾರಿ ನನ್ನದು. ಬೇರೆ ಕಡೆಯ ಸಂಘದವರು ಆಗಾಗ ಫೋನ್ ಮಾಡಿ ‘ನಿಮ್ಮಲ್ಲಿ ಜನ ಹೇಗೆ ಬರುತ್ತಾರೆ?’ ಅಂತ ಕೇಳುತ್ತಾರೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಜನ ಬರುತ್ತಿರಲಿಲ್ಲ. ಏಪ್ರಿಲಿನಲ್ಲಿ ಒಂದು ಭಾನುವಾರ ಸಭೆ. ವೇದಿಕೆಯಲ್ಲಿ ಏಳು ಕುರ್ಚಿ, ಏಳು ಭಾಷಣ. ಆ ವರ್ಷ ಜಾಸ್ತಿ ಪ್ರೀಮಿಯಂ ತಂದ ಐದು ಜನಕ್ಕೆ ಶಾಲು, ಹಾರ, ಸ್ಮರಣಿಕೆ. ಮರುವರ್ಷವೂ ಹೆಚ್ಚುಕಡಿಮೆ ಅದೇ ಐದು ಜನ. ಉಳಿದವರು ಚಪ್ಪಾಳೆ ತಟ್ಟಿ, ಊಟ ಮಾಡಿ, ಎರಡು ಗಂಟೆಯ ಬಸ್ಸಿಗೆ ಹೋಗುತ್ತಿದ್ದರು. ಆ ಐದು ಜನರ ದುಡಿಮೆ ಸಣ್ಣದಲ್ಲ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಅವರಿಗೆ ಕಂಪೆನಿಯ ಕ್ಲಬ್ ಸದಸ್ಯತ್ವ ಉಂಟು. ಅಮೆರಿಕದಲ್ಲಿ 1927ರಲ್ಲಿ ಶುರುವಾದ ಎಂಡಿಆರ್‌ಟಿ ಎಂಬ, ಜಾಸ್ತಿ ವ್ಯವಹಾರ ಮಾಡುವ ಏಜೆಂಟರ ದೊಡ್ಡ ಬಳಗದಲ್ಲಿ ಹೆಸರು ಉಂಟು. ಕಂಪೆನಿ ಕೊಟ್ಟದ್ದನ್ನೇ ಸಂಘವೂ ಇನ್ನೊಮ್ಮೆ ಕೊಡುವುದಾದರೆ ಸಂಘ ಯಾಕೆ ಬೇಕು, ಅಲ್ವಾ?

ಈ ಪ್ರಶ್ನೆ ನನಗೆ ಹೊಳೆದದ್ದು ಸಭೆಯಲ್ಲಿ ಅಲ್ಲ, ಬಸ್ಸಿನಲ್ಲಿ.

ಪೆರ್ಲದ ಕಡೆಯ ಒಬ್ಬಾಕೆ ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದರು. ನನ್ನ ಬ್ಯಾಗ್ ನೋಡಿ ‘ನೀವು ಇನ್ಶೂರೆನ್ಸಿನವರಾ?’ ಅಂತ ಕೇಳಿದರು. ಹೌದು ಅಂದೆ. ಆಮೇಲೆ ಅವರೇ ಹೇಳುತ್ತಾ ಹೋದರು. ಗಂಡ ಅಡಿಕೆ ಕೊಯ್ಯುವ ಕೆಲಸಕ್ಕೆ ಹೋಗುತ್ತಿದ್ದವರು. ಮರದಿಂದ ಬಿದ್ದದ್ದು ಪೆರ್ಲದಲ್ಲಿ, ತೀರಿಕೊಂಡದ್ದು ಮಂಗಳೂರಿನ ಆಸ್ಪತ್ರೆಯಲ್ಲಿ. ಪಾಲಿಸಿ ಮಾಡಿಸಿ ಎರಡು ವರ್ಷ ತುಂಬಿರಲಿಲ್ಲ. ಅದರ ಮೇಲೆ ಆ ತ್ರೈಮಾಸಿಕದ ಕಂತು ಕಟ್ಟಿರಲಿಲ್ಲ. ಎಲ್ಲ ಹೋಯಿತು ಅಂತ ಮನೆಯವರು ಕೈಚೆಲ್ಲಿ ಕೂತಿದ್ದರಂತೆ.

ಅವರ ಏಜೆಂಟ್ ನಮ್ಮ ಸಂಘದ ಒಬ್ಬ ಅಕ್ಕ. ಸಭೆಯಲ್ಲಿ ಯಾವತ್ತೂ ಹಿಂದಿನ ಸಾಲು, ಮಾತು ಕಡಿಮೆ. ಉತ್ತರಕ್ರಿಯೆ ಮುಗಿದ ಮರುದಿನವೇ ಆ ಅಕ್ಕ ಮನೆಗೆ ಬಂದು ಜಗಲಿಯಲ್ಲಿ ಕೂತು ಹೇಳಿದರಂತೆ: ‘ಕಂತಿನ ದಿನ ಕಳೆದ ಮೇಲೂ ಕಟ್ಟಲು ಮೂವತ್ತು ದಿನ ಗ್ರೇಸ್ ಉಂಟು. ಅವರು ಹೋದದ್ದು ಆ ದಿನಗಳ ಒಳಗೆ. ಪಾಲಿಸಿ ಜೀವಂತ ಉಂಟು.’

ಅಲ್ಲಿಂದ ಶುರುವಾದದ್ದು ಕಾಗದದ ಓಡಾಟ. ಕ್ಲೇಮು ಮಾಡಿಸಿದವರಿಗೆ ಮಾತ್ರ ಗೊತ್ತು ಅದು ಎಂತದು ಅಂತ. ಮರಣ ಪ್ರಮಾಣಪತ್ರ ಮಂಗಳೂರಿನಿಂದ ಬರಬೇಕು, ಅದು ಕನ್ನಡ ಮತ್ತು ಇಂಗ್ಲಿಷಿನಲ್ಲಿ. ಅಪಘಾತದ ಹಣಕ್ಕೆ ಎಫ್‌ಐಆರ್ ಬೇಕು, ನಮ್ಮ ಠಾಣೆಯ ಕಾಗದ ಮಲಯಾಳದಲ್ಲಿ. ಪೋಸ್ಟ್‌ಮಾರ್ಟಂ ವರದಿ ಬೇರೆ. ಪಾಲಿಸಿ ಇಂಗ್ಲಿಷಿನಲ್ಲಿ. ಪಾಲಿಸಿಯಲ್ಲಿ ಹೆಸರಿನ ಜೊತೆ ‘ನಾಯ್ಕ’ ಅಂತ ಇತ್ತು, ಮರಣ ಪತ್ರದಲ್ಲಿ ‘ನಾಯಕ್’ ಆಯಿತು, ಆಧಾರಿನಲ್ಲಿ ಬರೇ ಒಂದು ಇನಿಷಿಯಲ್. ಒಬ್ಬ ಮನುಷ್ಯ ಮೂರು ಕಾಗದದಲ್ಲಿ ಮೂರು ಜನ ಆದ. ಗಡಿನಾಡಿನಲ್ಲಿ ಇದು ದಿನಾ ಆಗುವ ಸಂಗತಿ. ಎಲ್ಲ ಹೆಸರೂ ಒಬ್ಬರದ್ದೇ ಅಂತ ವಿಲೇಜ್ ಆಫೀಸಿನಿಂದ ಒಂದು ಸರ್ಟಿಫಿಕೇಟ್ ಸಿಗುತ್ತದೆ. ಅದು ಗೊತ್ತಿದ್ದರೆ ದಾರಿ ಉಂಟು, ಗೊತ್ತಿಲ್ಲದಿದ್ದರೆ ವರ್ಷಗಟ್ಟಲೆ ಅಲೆಯಬೇಕು. ಅಕ್ಕನಿಗೆ ಗೊತ್ತಿತ್ತು. ಪಾಲಿಸಿ ಮೂರು ವರ್ಷದ ಒಳಗಿನದ್ದಾದ್ದರಿಂದ ತನಿಖೆಯೂ ನಡೆಯಿತು. ತನಿಖೆಗೆ ಬಂದವರ ಎದುರು ಅಕ್ಕ ಈ ಹೆಂಗಸಿನ ಜೊತೆಗೇ ಕೂತರು. ಬಸ್ ಚಾರ್ಜು ಕೂಡ ತೆಗೆದುಕೊಳ್ಳಲಿಲ್ಲ.

ಆ ಹೆಂಗಸು ಮಡಿಲಲ್ಲಿದ್ದ ಪ್ಲಾಸ್ಟಿಕ್ ಕವರ್ ಬಿಚ್ಚಿ ತೋರಿಸಿದರು. ಎಲ್ಲ ಕಾಗದದ ಜೆರಾಕ್ಸ್. ಒಂದೊಂದರ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದಿತ್ತು: ‘ಇದು ಪೊಲೀಸಿನದ್ದು’, ‘ಇದು ಆಸ್ಪತ್ರೆಯದ್ದು’, ‘ಇದನ್ನು ಯಾರಿಗೂ ಕೊಡಬೇಡಿ, ನಕಲು ಮಾತ್ರ ಕೊಡಿ’. ಅಕ್ಕನ ಕೈಬರಹ. ಮಲಯಾಳ, ಇಂಗ್ಲಿಷ್ ಓದಲು ಬಾರದ ಹೆಂಗಸಿಗಾಗಿ ಬರೆದದ್ದು. ನಾನು ಇಳಿಯಬೇಕಾದ ಸ್ಟಾಪಿನಲ್ಲಿ ಇಳಿಯಲಿಲ್ಲ.

ನಾನು ಈ ಕೆಲಸಕ್ಕೆ ಸೇರುವಾಗ 100 ಗಂಟೆಯ ತರಬೇತಿ ಇತ್ತು. ಸಾವಾದ ಮನೆಯ ಜಗಲಿಯಲ್ಲಿ ಹೇಗೆ ಕೂರಬೇಕು ಅಂತ ಅದರಲ್ಲಿ ಯಾರೂ ಹೇಳಿಕೊಡಲಿಲ್ಲ. ಅದು ನಮ್ಮ ನಡುವೆಯೇ ಇರುವ ಇಂಥವರಿಂದ ಕಲಿಯಬೇಕಾದದ್ದು. ಅವರಿಗೆ ನಾವು ಒಂದು ದಿನವೂ ಶಾಲು ಹೊದೆಸಿರಲಿಲ್ಲ.

ಕಮಿಟಿಯಲ್ಲಿ ವಿಷಯ ಇಟ್ಟಾಗ ಒಬ್ಬ ಹಿರಿಯರು ಕೇಳಿದ್ದು ನ್ಯಾಯವಾದ ಪ್ರಶ್ನೆ. ‘ಪ್ರೀಮಿಯಂಗಾದರೆ ಲೆಕ್ಕ ಉಂಟು. ಇದಕ್ಕೆ ಎಂತ ಲೆಕ್ಕ? ನಾಳೆ ಎಲ್ಲರೂ ನಾನೂ ಓಡಾಡಿದ್ದೇನೆ ಅಂದರೆ?’ ಮೂರು ಸಭೆ ಇದರಲ್ಲೇ ಹೋಯಿತು. ಕೊನೆಗೆ ಒಂದು ದಾರಿ ಕಂಡಿತು. ಯಾರೂ ತಮ್ಮ ಹೆಸರು ತಾವೇ ಕೊಡುವಂತಿಲ್ಲ. ಇನ್ನೊಬ್ಬ ಸದಸ್ಯರು ಅಥವಾ ಪಾಲಿಸಿದಾರರ ಮನೆಯವರು ಹೇಳಬೇಕು. ಹೇಳಿದ ಮೇಲೆ ಕಮಿಟಿಯ ಇಬ್ಬರು ಆ ಮನೆಗೆ ಹೋಗಿ ಕೂತು ಕೇಳಿಕೊಂಡು ಬರಬೇಕು. ಫೋನಿನಲ್ಲಿ ಅಲ್ಲ, ಹೋಗಿಯೇ ಕೇಳಬೇಕು. ಮನೆಯವರ ಒಪ್ಪಿಗೆ ಇಲ್ಲದೆ ಏನನ್ನೂ ವೇದಿಕೆಯಲ್ಲಿ ಹೇಳಬಾರದು. ಹಣ ಎಷ್ಟು ಬಂತು, ಕಾಯಿಲೆ ಎಂತದು ಎಂಬುದನ್ನು ಒಪ್ಪಿಗೆ ಇದ್ದರೂ ಹೇಳಬಾರದು.

ಆ ಮನೆ ಭೇಟಿಗಳಲ್ಲಿ ನಾನು ಕಲಿತದ್ದು ಜಾಸ್ತಿ. ಮುಳ್ಳೇರಿಯದ ಕಡೆ ಒಬ್ಬರು ಹಳೆಯ ಏಜೆಂಟ್ ಇದ್ದಾರೆ. ಅವರು ಮಾಡಿಸಿದ ಪಾಲಿಸಿಗಳು ಕಂತು ಕಟ್ಟದೆ ಲ್ಯಾಪ್ಸ್ ಆಗುವುದು, ಅಂದರೆ ನಿಂತುಹೋಗುವುದು, ತೀರಾ ಅಪರೂಪ. ಏನು ಗುಟ್ಟು ಅಂತ ಅವರನ್ನು ಕೇಳಿದರೆ ನಗುತ್ತಾರೆ. ಗುಟ್ಟು ಹೇಳಿದ್ದು ಅವರ ಒಬ್ಬ ಪಾಲಿಸಿದಾರ. ಅಡಿಕೆ ಕೊಯ್ದು, ಒಣಗಿಸಿ, ಮಾರಿ, ಕೈಯಲ್ಲಿ ನಾಲ್ಕು ಕಾಸು ಇರುವ ತಿಂಗಳಿಗೇ ವರ್ಷದ ಕಂತು ಬೀಳುವ ಹಾಗೆ ಅವರು ಪಾಲಿಸಿ ಮಾಡಿಸುತ್ತಾರಂತೆ. ಮಳೆಗಾಲದಲ್ಲಿ ಕೊಳೆರೋಗ ಬಂದು ಎಳೆ ಅಡಿಕೆಯೆಲ್ಲ ಉದುರಿದ ತಿಂಗಳಲ್ಲಿ ಯಾರ ಮನೆಗೂ ಕಂತಿನ ನೋಟಿಸು ಬರಬಾರದು ಅಂತ. ಕೂಲಿಯವರಿಗೆ ಬೇರೆ ಲೆಕ್ಕ, ಬೀಡಿ ಕಟ್ಟುವವರಿಗೆ ಬೇರೆ ಲೆಕ್ಕ. ಇದು ಟಾರ್ಗೆಟ್ ಮುಗಿಸುವ ಅವಸರದಲ್ಲಿ ಬರುವ ಬುದ್ಧಿ ಅಲ್ಲ. ಆ ವರ್ಷ ಎರಡನೇ ಸನ್ಮಾನ ಅವರಿಗೆ.

ಸಭೆಯ ಕಾಲವನ್ನೂ ಬದಲಾಯಿಸಿದೆವು. ಏಪ್ರಿಲಿನಲ್ಲಿ ನಮ್ಮಲ್ಲಿ ಬಿಸು, ಜಾತ್ರೆ, ಕೋಲ, ಮದುವೆ. 2025ರಲ್ಲಂತೂ ಮಧೂರು ದೇವಸ್ಥಾನದ ಬ್ರಹ್ಮಕಲಶೋತ್ಸವ, ಮೂಡಪ್ಪ ಸೇವೆ ಇತ್ತು. ಆ ದಿನಗಳಲ್ಲಿ ಯಾರನ್ನು ಸಭೆಗೆ ಕರೆಯುವುದು? ನಾವು ಆಟಿಗೆ, ಅಂದರೆ ಜುಲೈ-ಆಗಸ್ಟಿನಲ್ಲಿ ಬರುವ ತುಳು ತಿಂಗಳಿಗೆ, ಇಟ್ಟುಕೊಂಡೆವು. ಆಟಿಯಲ್ಲಿ ಶುಭಕಾರ್ಯ ಇಲ್ಲ, ಹೊರಗೆ ಮಳೆ, ಎಲ್ಲರೂ ಮನೆಯಲ್ಲೇ. ಮನೆಯವರನ್ನೂ ಕರೆದುಕೊಂಡು ಬನ್ನಿ ಅಂದೆವು. ಪತ್ರೊಡೆ, ಹಲಸಿನ ಬೀಜದ ಪಲ್ಯ, ಬಿಸಿ ಗಂಜಿ, ಕಡಲೆಬೇಳೆ ಪಾಯಸ. ಬಫೆ ಇಲ್ಲ, ಪಂಕ್ತಿ. ಬಡಿಸುವವರು ಕಮಿಟಿಯವರು.

ಭಾಷಣಗಳನ್ನು ಎರಡಕ್ಕೆ ಇಳಿಸಿ ತಾಳಮದ್ದಳೆ ಇಟ್ಟೆವು. ನಮ್ಮಲ್ಲಿ ನಾಲ್ಕು ಜನ ಒಳ್ಳೆಯ ಅರ್ಥಧಾರಿಗಳಿದ್ದಾರೆ ಅಂತ ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಅದೇನೂ ಆಶ್ಚರ್ಯ ಅಲ್ಲ. ವಾಲಿಯ ಅರ್ಥ ಹೇಳಿದವರು ವರ್ಷಕ್ಕೆ ಹತ್ತು ಪಾಲಿಸಿಯೂ ಮಾಡದ ಒಬ್ಬ ಪಾರ್ಟ್‌ಟೈಮ್ ಏಜೆಂಟ್. ಬಿದ್ದ ವಾಲಿ ರಾಮನನ್ನು ಪ್ರಶ್ನೆ ಕೇಳುವಲ್ಲಿ ಹಾಲ್‌ನಲ್ಲಿ ಒಬ್ಬರೂ ಅಲುಗಾಡಲಿಲ್ಲ. ಮಧ್ಯಾಹ್ನ ಮೇಲೆ ಒಬ್ಬ ಬ್ಯಾರಿ ಗೆಳೆಯ ಮಾಪಿಳ್ಳೆ ಪಾಟ್ಟು ಹಾಡಿದ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಅಂತ ಸುಮ್ನೆ ಕರೆಯುವುದಲ್ಲ.

ಸನ್ಮಾನ ಪತ್ರ ಬರೆಯುವ ಕೆಲಸವನ್ನು ನಾನೇ ಇಟ್ಟುಕೊಂಡಿದ್ದೇನೆ. ಮೊದಲು ನಮ್ಮ ಪತ್ರಗಳೆಲ್ಲ ಇಂಗ್ಲಿಷಿನಲ್ಲಿ, ಹೆಸರು ಮಾತ್ರ ಬದಲು. ಈಗ ಸನ್ಮಾನ ಪಡೆಯುವವರ ಮನೆಮಾತು ಯಾವುದೋ ಅದರಲ್ಲಿ. ಮಲಯಾಳದ್ದನ್ನು ಚೆರ್ಕಳದ ಒಬ್ಬ ಗೆಳೆಯ ಬರೆಯುತ್ತಾನೆ, ತುಳುವಿನದ್ದನ್ನು ಕನ್ನಡ ಲಿಪಿಯಲ್ಲಿ ನಾನೇ ಬರೆಯುತ್ತೇನೆ. ಅರ್ಧ ಪುಟ, ಜಾಸ್ತಿ ಬೇಡ. ‘ಸರಳ ಸಜ್ಜನಿಕೆಯ’, ‘ಅಜಾತಶತ್ರು’ ಅಂತ ಯಾರಿಗೂ ಹೊಂದುವ ಮಾತು ಒಂದೂ ಇರಬಾರದು. ಅವರು ಮಾಡಿದ ಒಂದು ಕೆಲಸ, ಆದದ್ದು ಆದ ಹಾಗೆ. ಪೆರ್ಲದ ಅಕ್ಕನ ಪತ್ರದಲ್ಲಿ ನಾನು ಆ ಪೆನ್ಸಿಲಿನ ಅಕ್ಷರಗಳ ಬಗ್ಗೆ ಬರೆದೆ. ಓದುವಾಗ ಅಕ್ಕ ತಲೆ ತಗ್ಗಿಸಿ ಕೂತಿದ್ದರು. ಅವರ ಅತ್ತೆ ಮುಂದಿನ ಸಾಲಿನಲ್ಲಿದ್ದರು. ಸೊಸೆ ಬ್ಯಾಗ್ ಹಿಡಿದು ಎಲ್ಲಿಗೆ ಹೋಗುತ್ತಾಳೆ, ಎಂತ ಮಾಡುತ್ತಾಳೆ ಅಂತ ಹದಿನೈದು ವರ್ಷದಲ್ಲಿ ಅವರಿಗೆ ಗೊತ್ತಾದದ್ದು ಅವತ್ತೇ. ಶಾಲು ಹೊದೆಸಲು ನಾವು ಅಧ್ಯಕ್ಷರನ್ನು ಕರೆಯಲಿಲ್ಲ. ಬಸ್ಸಿನಲ್ಲಿ ಸಿಕ್ಕಿದ ಆ ಹೆಂಗಸೇ ಬಂದು ಹೊದೆಸಿದರು.

ತಪ್ಪೂ ಆಯಿತು. ಎರಡನೇ ವರ್ಷ ಪಟ್ಟಿಯಲ್ಲಿ ಇದ್ದ ಒಬ್ಬ ನಿವೃತ್ತ ಏಜೆಂಟರ ಹೆಸರನ್ನು ನಾನು ಕರೆಯಲು ಮರೆತೆ. ಕಾಗದ ಫೈಲಿನಲ್ಲಿ ಉಳಿದಿತ್ತು. ಅವರು ಬಿಳಿ ಪಂಚೆ, ಇಸ್ತ್ರಿ ಶರ್ಟು ಹಾಕಿ ಹೆಂಡತಿ ಜೊತೆ ಬಂದು, ಕೊನೆಯವರೆಗೆ ಕೂತು, ಮಾತಾಡದೆ ಹೋಗಿದ್ದರು. ರಾತ್ರಿ ಫೈಲು ತೆರೆದಾಗ ಆ ಕಾಗದ ಸಿಕ್ಕಿತು. ಅವತ್ತು ನಿದ್ದೆ ಬರಲಿಲ್ಲ. ಬೆಳಿಗ್ಗೆ ಕಮಿಟಿಯ ಮೂವರು ಸೇರಿ ಅವರ ಮನೆಗೆ ಹೋದೆವು. ಜಗಲಿಯಲ್ಲಿ ಕುರ್ಚಿ ಹಾಕಿಸಿ, ನೆರೆಮನೆಯವರನ್ನೂ ಕರೆದು, ಪತ್ರ ಓದಿದೆ. ಕ್ಷಮೆ ಕೇಳಿದೆ. ಅವರು ಏನೂ ಹೇಳಲಿಲ್ಲ. ಪತ್ರವನ್ನು ಕೈಗೆ ತೆಗೆದುಕೊಂಡು ಕನ್ನಡಕ ಹಾಕಿ ಮತ್ತೊಮ್ಮೆ ತಾವೇ ಗಟ್ಟಿಯಾಗಿ ಓದಿದರು, ಮೊಮ್ಮಕ್ಕಳಿಗೆ ಕೇಳುವ ಹಾಗೆ. ಅಂದಿನಿಂದ ಸಭೆಗೆ ಬರಲಾಗದ ಹಿರಿಯರಿಗೆ ಮನೆಗೇ ಹೋಗಿ ಸನ್ಮಾನ ಮಾಡುವುದು ರೂಢಿಯಾಯಿತು.

ಹಣದ ವಿಷಯ ಎರಡೇ ಮಾತಿನಲ್ಲಿ ಹೇಳುತ್ತೇನೆ. ಒಬ್ಬ ಏಜೆಂಟ್ ಒಂದು ಜೀವ ವಿಮಾ ಕಂಪೆನಿ, ಒಂದು ಸಾಮಾನ್ಯ ವಿಮಾ ಕಂಪೆನಿ, ಒಂದು ಆರೋಗ್ಯ ವಿಮಾ ಕಂಪೆನಿಗೆ ಕೆಲಸ ಮಾಡಬಹುದು. ಹಾಗಾಗಿ ನಮ್ಮಲ್ಲಿ ಎಲ್ಲ ಕಂಪೆನಿಯವರೂ ಇದ್ದಾರೆ. ಯಾವ ಕಂಪೆನಿಯ ಬ್ಯಾನರೂ ಕಟ್ಟುವುದಿಲ್ಲ, ಪ್ರಾಯೋಜಕತ್ವ ತೆಗೆದುಕೊಳ್ಳುವುದಿಲ್ಲ. ಸದಸ್ಯರ ವಂತಿಗೆಯಲ್ಲೇ ನಡೆಯುತ್ತದೆ. ಬಂದ ಪಾಲಿಸಿದಾರರಿಗೆ ಗಿಫ್ಟ್ ಕೊಡೋಣ ಅಂತ ಒಬ್ಬರು ಹೇಳಿದಾಗ ಬೇಡ ಅಂದೆವು. ಪಾಲಿಸಿ ಮಾಡಿಸಲು ಆಮಿಷ ಕೊಡುವುದನ್ನು ವಿಮಾ ಕಾಯ್ದೆಯ 41ನೇ ಕಲಂ ತಡೆಯುತ್ತದೆ. ಗಿಫ್ಟ್ ಎಲ್ಲಿ ಮುಗಿಯುತ್ತದೆ, ಆಮಿಷ ಎಲ್ಲಿ ಶುರುವಾಗುತ್ತದೆ ಅಂತ ವಾದ ಮಾಡುತ್ತಾ ಕೂರುವುದಕ್ಕಿಂತ ಊಟ ಹಾಕಿ ಕಳಿಸುವುದು ಒಳ್ಳೆಯದು.

ಇನ್ನೊಂದು ಕೆಲಸ ಸಭೆಯ ಹಿಂದೆ ನಡೆಯುತ್ತದೆ. ಆ ವರ್ಷ ತೀರಿಕೊಂಡ ಸದಸ್ಯರಿಗೆ ಒಂದು ನಿಮಿಷ ಎದ್ದು ನಿಲ್ಲುತ್ತೇವೆ. ನಿಂತು ಕೂತರೆ ಮುಗಿಯಿತಾ? ಏಜೆಂಟನ ನಂತರ, ಅವನು ಮಾಡಿಸಿದ ಪಾಲಿಸಿಗಳ ಮುಂದಿನ ಕಂತುಗಳ ಮೇಲಿನ ರಿನ್ಯೂವಲ್ ಕಮಿಷನ್ ಮನೆಯವರಿಗೆ ಸಿಗುವ ಅವಕಾಶ ಉಂಟು. ಎಲ್‌ಐಸಿ ಏಜೆಂಟರ ಗ್ರಾಚ್ಯುಟಿ ಮಿತಿ 2023ರಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿದೆ. ನಮ್ಮ ಗೆಳೆಯನೊಬ್ಬ ಹೋದಾಗ ಅವನ ಹೆಂಡತಿಗೆ ಇದು ಯಾವುದೂ ಗೊತ್ತಿರಲಿಲ್ಲ. ಊರಿಗೆಲ್ಲ ನಾಮಿನಿ, ನಾಮಿನಿ ಅಂತ ಹೇಳಿದವನು ತನ್ನ ಮನೆಯಲ್ಲಿ ಹೇಳಿರಲಿಲ್ಲ. ಈಗ ಯಾರೇ ಹೋದರೂ ತಿಂಗಳೊಳಗೆ ಇಬ್ಬರು ಆ ಮನೆಗೆ ಹೋಗಿ ಕಾಗದ ನೋಡಬೇಕು ಅಂತ ನಿಯಮ ಮಾಡಿದ್ದೇವೆ. ಮೊದಲು ಹೋಗುವವರು ಹೆಚ್ಚಾಗಿ ಆ ಪೆರ್ಲದ ಅಕ್ಕನೇ.

ಜಾಸ್ತಿ ಪ್ರೀಮಿಯಂ ತಂದವರನ್ನು ಬಿಟ್ಟಿಲ್ಲ. ಅವರ ಹೆಸರು ಮೊದಲೇ ಓದುತ್ತೇವೆ, ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತೇವೆ. ಅವರಲ್ಲಿ ಒಬ್ಬರು ಮೊದಲ ವರ್ಷ ಬೇಸರ ಮಾಡಿಕೊಂಡಿದ್ದರು. ಮೂರನೇ ವರ್ಷ ಅವರೇ ಬೇರೆಯವರ ಮೂರು ಹೆಸರು ತಂದುಕೊಟ್ಟರು.

ಈ ವರ್ಷದ ಆಟಿಗೆ ಹೆಸರುಗಳು ಬರಲು ಶುರುವಾಗಿವೆ. ಮೊನ್ನೆ ಮಂಜೇಶ್ವರದ ಕಡೆಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಅಪ್ಪನ ಆಸ್ಪತ್ರೆಯ ಬಿಲ್ಲಿಗಾಗಿ ನಮ್ಮ ಒಬ್ಬ ಸದಸ್ಯ ರಾತ್ರಿ ಹನ್ನೊಂದಕ್ಕೆ ಮಂಗಳೂರಿಗೆ ಬಂದು, ಆಸ್ಪತ್ರೆಯ ಕೌಂಟರಿನ ಎದುರು ಬೆಳಗಿನವರೆಗೆ ಕೂತಿದ್ದನಂತೆ. ಅವನು ಸಂಘಕ್ಕೆ ಸೇರಿ ಎಂಟು ತಿಂಗಳಾಗಿಲ್ಲ, ಮುಖ ನನಗೆ ಸರಿಯಾಗಿ ನೆನಪಿಲ್ಲ. ಭಾನುವಾರ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಆ ಹುಡುಗಿಯ ಮನೆಗೆ ಹೊರಡುತ್ತಿದ್ದೇವೆ. ಪತ್ರಕ್ಕೆ ಕಾಗದ ತೆಗೆದಿಟ್ಟಿದ್ದೇನೆ.