ನಮ್ಮ ಕೋಳಿಗೂಡಿನ ಹೊಟ್ಟು

ಹಿತ್ತಲಲ್ಲಿ ಎಂಟು ಕೋಳಿ ಸಾಕಿದ್ದೇನೆ. ಮೊದಲ ವರ್ಷ ವಾರಕ್ಕೊಮ್ಮೆ ಗೂಡಿನ ನೆಲಕ್ಕೆ ಹಾಸಿದ ಹಳೆಯ ಹೊಟ್ಟನ್ನೆಲ್ಲ ಬಳಿದು ಹಾಕಿ ಹೊಸದು ಹರಡುತ್ತಿದ್ದೆ. ಆದರೂ ನಾಲ್ಕೇ ದಿನಕ್ಕೆ ಮೂಗಿಗೆ ಹೊಡೆಯುವ ವಾಸನೆ. ಒಂದು ಬೆಳಿಗ್ಗೆ ಗೂಡಿನ ಬಾಗಿಲು ತೆಗೆದು ಬಗ್ಗಿದರೆ ಕಣ್ಣೇ ಉರಿಯಿತು. ಅದು ಹಿಕ್ಕೆಯಿಂದ ಏಳುವ ಅಮೋನಿಯಾ ಅನಿಲ. ಒಂದು ಗಳಿಗೆಗೆ ನನಗೇ ಹೀಗಾದರೆ, ರಾತ್ರಿಯೆಲ್ಲ ಅದನ್ನೇ ಉಸಿರಾಡಿದ ಕೋಳಿಗಳ ಪಾಡೇನು? ತುಂಬಾ ಸಂಕಟವಾಯಿತು.

ಅವತ್ತು ಹೊಟ್ಟಿಗೆ ಕೈಹಾಕಿ ಎಲ್ಲ ಕಡೆ ಮುಟ್ಟಿ ನೋಡಿದೆ. ಮುಕ್ಕಾಲು ಗೂಡು ಒಣಗಿಯೇ ಇತ್ತು. ನೀರಿನ ಪಾತ್ರೆಯ ಸುತ್ತ ಮಾತ್ರ ಹೆಂಟೆಗಟ್ಟಿತ್ತು. ಹಿಕ್ಕೆ ಒಣಗಿದ್ದರೆ ಅಷ್ಟು ನಾರುವುದಿಲ್ಲ, ನೆನೆದರೆ ನಾರುತ್ತದೆ. ಪಾತ್ರೆಯನ್ನು ಇಟ್ಟಿಗೆಯ ಮೇಲಿಟ್ಟು ಕೋಳಿಯ ಬೆನ್ನಿನ ಮಟ್ಟಕ್ಕೆ ಎತ್ತರಿಸಿದೆ. ಚೆಲ್ಲುವುದು ನಿಂತಿತು, ವಾಸನೆಯೂ ಇಳಿಯಿತು.

ಈಗ ವಾರವಾರ ಬದಲಿಸುವುದಿಲ್ಲ. ಮರದ ಹೊಟ್ಟನ್ನು, ಅಂದರೆ ಮರ ಹೆರೆದಾಗ ಬರುವ ತೆಳು ಸಿಪ್ಪೆಯನ್ನು, 4 ಇಂಚು ದಪ್ಪ ಹಾಸುತ್ತೇನೆ, ಕುಗ್ಗಿದಂತೆಲ್ಲ ಮೇಲೆ ಹೊಸದು ಸುರಿಯುತ್ತೇನೆ. ಗರಗಸದ ನುಣುಪು ಪುಡಿ ಬೇಡ, ಧೂಳು ಜಾಸ್ತಿ. ಬೂಸ್ಟು ಹಿಡಿದ ಹುಲ್ಲಂತೂ ಬೇಡವೇ ಬೇಡ, ಅದರಿಂದ ಕೋಳಿಗಳಿಗೆ ಶ್ವಾಸಕೋಶದ ರೋಗ ಬರುತ್ತದೆ. ವಾರಕ್ಕೆರಡು ಸಲ ಕೈಕುಂಟೆಯಲ್ಲಿ ಬುಡಮೇಲು ಮಾಡುತ್ತೇನೆ. ಒಂದು ಹಿಡಿ ಕಾಳು ಚೆಲ್ಲಿದರೆ ಅವೇ ಕೆದರಿ ಅರ್ಧ ಕೆಲಸ ಮುಗಿಸುತ್ತವೆ, ನೋಡಲೂ ಖುಷಿ. ರಾತ್ರಿ ಅವು ಕೂರುವ ಕೋಲಿನ ಕೆಳಗೆ ಹಿಕ್ಕೆ ರಾಶಿ ಬೀಳುತ್ತದೆ. ಅಲ್ಲೊಂದು ಹಲಗೆ ಇಟ್ಟಿದ್ದೇನೆ, ಬೆಳಿಗ್ಗೆ ಕೆರೆದರಾಯಿತು.

ಹದ ನೋಡುವುದು ಮುಷ್ಟಿಯಲ್ಲಿ. ಹೊಟ್ಟನ್ನು ಹಿಂಡಿ ಬಿಟ್ಟಾಗ ಉಂಡೆ ಹಾಗೇ ನಿಂತರೆ ನೀರು ಜಾಸ್ತಿ. ಸ್ವಲ್ಪ ಅಂಟಿ ಉದುರಿದರೆ ಸರಿ. ಸ್ವಲ್ಪವೂ ಅಂಟದೆ ಧೂಳೆದ್ದರೆ ತೀರಾ ಒಣಗಿದೆ ಎಂದರ್ಥ. ನೆನೆದ ಜಾಗವನ್ನು ಅವತ್ತೇ ತೆಗೆದುಬಿಡಿ. ರಕ್ತಭೇದಿ ಹರಡುವುದು, ಪಾದ ಹುಣ್ಣಾಗುವುದು ಇಂಥ ಕಡೆಯೇ. ವಾಸನೆ ಬಂತೆಂದು ಸುಣ್ಣ ಹಾಕಿ ನಾನು ತಪ್ಪು ಮಾಡಿದ್ದೆ. ಒದ್ದೆ ಹಿಕ್ಕೆಗೆ ಸುಣ್ಣ ಸೇರಿದರೆ ಅಮೋನಿಯಾ ಇನ್ನೂ ಜೋರಾಗಿ ಏಳುತ್ತದೆ.

ಪೂರ್ತಿ ಖಾಲಿ ಮಾಡುವುದು ವರ್ಷಕ್ಕೆರಡು ಸಲ, ಬಿಸಿಲಿನ ದಿನ ನೋಡಿ. ಕೋಳಿಗಳನ್ನು ಹೊರಗೆ ಬಿಟ್ಟು, ಮಾಸ್ಕ್ ಕಟ್ಟಿಕೊಂಡು ಮೂಲೆಮೂಲೆ ಬಳಿಯುತ್ತೇನೆ. ಆಮೇಲೆ ಸೋಪಿನ ನೀರಲ್ಲಿ ಉಜ್ಜಿ ತೊಳೆಯುತ್ತೇನೆ. ನೆಲ ಸಂಪೂರ್ಣ ಒಣಗುವವರೆಗೆ ಹೊಸ ಹೊಟ್ಟು ಹಾಕುವುದಿಲ್ಲ, ಇದರಲ್ಲಿ ಅವಸರ ಸಲ್ಲದು. ತೆಗೆದ ಹೊಟ್ಟನ್ನು ನೇರ ಗಿಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಒಣ ಎಲೆ ಸೇರಿಸಿ ಗುಡ್ಡೆ ಹಾಕಿ, ಆಗಾಗ ಮಗುಚಿ, ಕೆಲವು ತಿಂಗಳು ಕೊಳೆಯಲು ಬಿಡುತ್ತೇನೆ. ಕಪ್ಪಗೆ, ಉದುರುದುರಾಗಿ, ಮಣ್ಣಿನ ವಾಸನೆ ಬಂದ ಮೇಲೆಯೇ ಗಿಡದ ಬುಡಕ್ಕೆ.