ಕುಡಿತ ಬಿಟ್ಟ ಮೇಲೆ ಮನೆಯವರ ವಿಶ್ವಾಸಕ್ಕೆ ಮರಳುವ ಬಗೆ

ಕುಡಿತ ಬಿಟ್ಟ ಮೊದಲ ತಿಂಗಳುಗಳಲ್ಲಿ, ಅಷ್ಟು ಕಾಲ ಅದುಮಿಟ್ಟಿದ್ದ ಸಿಟ್ಟು, ನಾಚಿಕೆ, ದುಃಖಗಳು ಮೇಲೇಳುವುದು ಸಹಜ. ಪ್ರತಿ ಸಂಜೆ ಆ ಭಾವನೆಯನ್ನೂ ಅದನ್ನು ಕೆರಳಿಸಿದ ಸಂದರ್ಭವನ್ನೂ ಎರಡು ಸಾಲಿನಲ್ಲಿ ಬರೆದಿಟ್ಟು, ವಾರಕ್ಕೊಮ್ಮೆಯಾದರೂ ಆಪ್ತಸಮಾಲೋಚಕರ ಬಳಿ ಅಥವಾ ಕುಡಿತ ಬಿಡಲು ಪರಸ್ಪರ ನೆರವಾಗುವವರ ಬಳಗವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಯಲ್ಲಿ ಹೇಳಿಕೊಳ್ಳಿ.

ಕ್ಷಮೆ ಕೇಳಲು ಅವಸರ ಬೇಡ. 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ಆ ಬಳಗವು ಚೇತರಿಕೆಗೆ ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ, ನೋಯಿಸಿದವರ ಪಟ್ಟಿ ಮಾಡುವುದು ಎಂಟನೆಯದು, ಅವರಿಗಾದ ಹಾನಿಯನ್ನು ಸರಿಪಡಿಸುವುದು ಒಂಬತ್ತನೆಯದು. ಅದೂ ಯಾರಿಗೂ ಮತ್ತೆ ನೋವಾಗದಿದ್ದರೆ ಮಾತ್ರ. ಈ ಷರತ್ತೇ ಎಲ್ಲಕ್ಕಿಂತ ಮುಖ್ಯವೆಂದು ನಾನು ನಂಬುತ್ತೇನೆ. ಎಷ್ಟೋ ಆಣೆಗಳನ್ನು ಕೇಳಿ ದಣಿದಿರುವ ಹೆಂಡತಿಯ ಮುಂದೆ ಮತ್ತೊಂದು ಆಣೆ ಇಡುವ ಬದಲು, ಹೇಳಿದ ಹೊತ್ತಿಗೆ ಮನೆಗೆ ಬನ್ನಿ, ಸಂಬಳದ ಲೆಕ್ಕ ಒಪ್ಪಿಸಿ, ಅವರ ಸಿಟ್ಟನ್ನು ಎದುರುತ್ತರವಿಲ್ಲದೆ ಕೇಳಿಸಿಕೊಳ್ಳಿ. ಮಕ್ಕಳು ದೂರ ನಿಂತರೆ ಬಲವಂತವಾಗಿ ಹತ್ತಿರ ಎಳೆಯದೆ, ಶಾಲೆಗೆ ಬಿಟ್ಟುಬರುವಂಥ ಒಂದು ಚಿಕ್ಕ ಹೊಣೆಯನ್ನು ತಪ್ಪದೆ ನಿರ್ವಹಿಸಿ.

ಮತ್ತೊಬ್ಬ ವ್ಯಸನಿಗೆ ನೆರವಾಗುವ ಆಸೆ ಒಳ್ಳೆಯದೇ, ಆದರೆ ಅವರು ಕುಡಿಯುವ ಜಾಗಕ್ಕೆ ಒಬ್ಬರೇ ಹೋಗಬೇಡಿ. ಬಹುಕಾಲ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಾಪಾಯವಾಗಬಹುದಾದ್ದರಿಂದ, ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿರಿ. ರಾತ್ರಿ ನಿಮ್ಮದೇ ಮನಸ್ಸು ಕುಸಿದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.