ಎಂಆರ್‌ಐ ಯಂತ್ರದೊಳಗೆ ಗಮನವನ್ನು ಅಳೆದ ಬಗೆ

ಗಮನದ ಮೇಲಿನ ಹಿಡಿತವನ್ನು ಅಳೆಯಲು ಎಲ್ಲರಿಗೂ ಮೊದಲು ನೆನಪಾಗುವುದು 1935ರ ಸ್ಟ್ರೂಪ್ ಪರೀಕ್ಷೆ. ನೀಲಿ ಬಣ್ಣದಲ್ಲಿ ‘ಕೆಂಪು’ ಎಂದು ಬರೆದಿರುತ್ತದೆ. ಪದವನ್ನು ಬಿಟ್ಟು ಬಣ್ಣವನ್ನು ಗುರುತಿಸಬೇಕು. ಕನ್ನಡದಲ್ಲೇ ಅದನ್ನು ಮಾಡುವ ಆಸೆ ನನಗಿತ್ತು. ಆದರೆ ಬೇಡವೆಂದರೂ ಕಣ್ಣು ಪದವನ್ನು ಓದಿಬಿಡಬೇಕು, ಆಗ ಮಾತ್ರ ಅಡ್ಡಿಯಾಗುತ್ತದೆ. ಬೆಂಗಳೂರಿನಲ್ಲಿ ನನ್ನ ಅಧ್ಯಯನಕ್ಕೆ ಬಂದ ಹಲವರು ಮನೆಯಲ್ಲಿ ಕನ್ನಡ ಮಾತನಾಡಿದರೂ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತವರು, ಕನ್ನಡವನ್ನು ಅಕ್ಷರ ಕೂಡಿಸಿ ಓದುವವರು. ಅವರಿಗೆ ಆ ‘ಕೆಂಪು’ ಹೆಚ್ಚು ಕಾಡುವುದಿಲ್ಲ.

ಆದ್ದರಿಂದ ಫ್ಲ್ಯಾಂಕರ್ ಪರೀಕ್ಷೆಯನ್ನು ಆರಿಸಿಕೊಂಡೆ. 1974ರಲ್ಲಿ ಮನೋವಿಜ್ಞಾನಿಗಳಾದ ಬಾರ್ಬರಾ ಮತ್ತು ಚಾರ್ಲ್ಸ್ ಎರಿಕ್ಸನ್ ಅದನ್ನು ಅಕ್ಷರಗಳಿಂದ ಕಟ್ಟಿದ್ದರು. ನಾನು ಬಳಸಿದ್ದು ಬಾಣಗಳ ರೂಪ. ಸಾಲಾಗಿ ಐದು ಬಾಣಗಳು, ನಡುವಿನದು ಯಾವ ಕಡೆಗಿದೆಯೋ ಆ ಗುಂಡಿ ಒತ್ತಬೇಕು. ಅಕ್ಕಪಕ್ಕದವು ಎದುರು ದಿಕ್ಕಿಗಿದ್ದರೆ ಕೈ ತಡವರಿಸುತ್ತದೆ. ಉತ್ತರವನ್ನು ಬಾಯಲ್ಲಿ ಹೇಳಿಸಲಿಲ್ಲ. ದವಡೆ ಆಡಿದರೆ ತಲೆಯೂ ಆಡಿ, ಎಂಆರ್‌ಐ ಯಂತ್ರ ತೆಗೆಯುವ ಮಿದುಳಿನ ಚಿತ್ರ ಕೆಡುತ್ತದೆ.

ನಿಜವಾದ ತಲೆನೋವು ಸಮಯದ್ದು. ಬಾಣ ನೋಡಿ ಗುಂಡಿ ಒತ್ತುವುದು ಅರೆ ಸೆಕೆಂಡಿನ ಕೆಲಸ. ಯಂತ್ರ ಅಳೆಯುವುದು ನರಕೋಶಗಳ ಚಟುವಟಿಕೆಯನ್ನಲ್ಲ, ಅದರ ಬೆನ್ನಿಗೆ ರಕ್ತದ ಆಮ್ಲಜನಕದಲ್ಲಾಗುವ ಬದಲಾವಣೆಯನ್ನು. ಅದು ತುದಿ ಮುಟ್ಟಲು ಐದಾರು ಸೆಕೆಂಡು ಬೇಕು. ಬಾಣಗಳನ್ನು ಒಂದೇ ತಾಳದಲ್ಲಿ ಬೇಗಬೇಗ ತೋರಿಸಿದರೆ ಯಾವ ಏರಿಕೆ ಯಾವ ಬಾಣದ್ದೆಂದು ಬಿಡಿಸಲಾಗದು. ಅಂತರವನ್ನು ಒಮ್ಮೆ ಕಿರಿದು ಒಮ್ಮೆ ಹಿರಿದು ಮಾಡಿ, ಅನುಕ್ರಮವನ್ನು ಕಂಪ್ಯೂಟರಿನಲ್ಲಿ ಮೊದಲೇ ಪರೀಕ್ಷಿಸಿಕೊಂಡೆ. ಎದುರು ಬಾಣಗಳನ್ನು ಅಪರೂಪ ಮಾಡಿದರೆ ಅಡ್ಡಿ ಹೆಚ್ಚುತ್ತದೆ ಎಂದು ಸಹೋದ್ಯೋಗಿಯೊಬ್ಬರು ಸೂಚಿಸಿದರು. ನಿಜ, ಆದರೆ ಅಪರೂಪಕ್ಕೆ ಕಂಡದ್ದು ಬರಿಯ ಅಚ್ಚರಿಯಿಂದಲೂ ಮಿದುಳನ್ನು ಎಬ್ಬಿಸುತ್ತದೆ. ಪರಿಣಾಮ ಚಿಕ್ಕದಾದರೂ ಸರಿ ಎಂದು ಅರ್ಧಕ್ಕರ್ಧ ಇಟ್ಟೆ.

ಯಂತ್ರವೆಂದರೆ ಬಲವಾದ ಅಯಸ್ಕಾಂತ, ಹಾಗಾಗಿ ಕಾಲುಂಗುರ, ಪಿನ್ನು, ತಾಳಿ ಎಲ್ಲವೂ ಹೊರಗೆ ಉಳಿಯಬೇಕು. ತಾಳಿ ತೆಗೆಯಲು ಹಿಂಜರಿದವರಿಗೆ ಅರಿಶಿನದ ಕೊಂಬು ಕಟ್ಟಿದ ದಾರ ಸಿದ್ಧವಿರುತ್ತಿತ್ತು. ಒಪ್ಪಿಗೆ ಪತ್ರದ ಹಾಳೆಗಳಿಗಿಂತ ಹೆಚ್ಚು ವಿಶ್ವಾಸ ಗಳಿಸಿಕೊಟ್ಟದ್ದು ಆ ದಾರವೇ ಇರಬೇಕು.

ಮಿದುಳಿನ ಬಣ್ಣದ ಚಿತ್ರಗಳನ್ನು ನೋಡುವ ಮುನ್ನ ಗುಂಡಿ ಒತ್ತಿದ ವೇಗವನ್ನು ನೋಡುತ್ತೇನೆ. ಎದುರು ಬಾಣಗಳಿಗೆ ಗುಂಪು ಒಟ್ಟಾರೆ ತಡವಾಗಿ ಉತ್ತರಿಸಿಲ್ಲವಾದರೆ, ಇಂಥ ಅಡ್ಡಿ ಎದುರಾದಾಗ ಚುರುಕಾಗುವ ಮಿದುಳಿನ ಮುಂಭಾಗದ ಸಿಂಗ್ಯುಲೇಟ್ ಭಾಗ ಎಷ್ಟೇ ಕೆಂಪಗೆ ಹೊಳೆದರೂ ಅದನ್ನು ಗಮನದ ಹಿಡಿತವೆಂದು ಬರೆಯುವುದಿಲ್ಲ.